ಗ್ಲಾಬ್ಯುಲಿನ್ ಮತ್ತು ಎರಡೂ ಕಾಲರ ಬಸ್ಸು

ಆ ಸೋಮವಾರದ ಹೊತ್ತಿಗೆ ನಮ್ಮ ಲ್ಯಾಬಿನಲ್ಲಿ ಆಲ್ಬುಮಿನ್ ಬಾಟಲಿ ಖಾಲಿಯಾಗಿ ಹದಿನೈದು ದಿನವಾಗಿತ್ತು. ಹೊಸದಕ್ಕೆ ಬರೆದುಕೊಟ್ಟಿದ್ದೆ, ಬಂದಿರಲಿಲ್ಲ. ಅದಿಲ್ಲದೆಯೇ ಕೆಲಸ ನಡೆಸುವುದು ನನಗೆ ರೂಢಿಯಾಗಿಬಿಟ್ಟಿತ್ತು. ಮುಂದೆ ಆದದ್ದಕ್ಕೆಲ್ಲ ಆ ರೂಢಿಯೇ ಮೂಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಂಜನಗೂಡಿನಲ್ಲಿ ಆಗ ಇದ್ದು ಈಗ ಇಲ್ಲದ ಒಂದು ಸಣ್ಣ ಹೆರಿಗೆ ಆಸ್ಪತ್ರೆ. ಹತ್ತು ಹಾಸಿಗೆ, ಒಬ್ಬರು ಡಾಕ್ಟರಮ್ಮ, ಇಬ್ಬರು ನರ್ಸುಗಳು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನನ್ನ ಲ್ಯಾಬು. ನಮ್ಮ ಮನೆಯವರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅವರು ತೀರಿಕೊಂಡು ಈಗ ಎರಡು ತಿಂಗಳಾಯಿತು. ನಾನು ಹೇಳಹೊರಟಿರುವ ನಾಲ್ಕು ದಿನಗಳಲ್ಲಿ ಅವರ ಪಾಲು ಒಂದು ಬಸ್ ಪ್ರಯಾಣದಷ್ಟೇ ಎಂದು ಇಷ್ಟು ವರ್ಷವೂ ತಿಳಿದಿದ್ದೆ.

ಸೋಮವಾರ ಮಧ್ಯಾಹ್ನ ಚೊಚ್ಚಲ ಹೆರಿಗೆಯ ಹುಡುಗಿಯೊಬ್ಬಳು ನೋವು ತಿನ್ನುತ್ತಾ ಬಂದಳು. ಗಂಡನಿಗೆ ನಂಜನಗೂಡಿನ ಅಕ್ಕಿ ಗಿರಣಿಯಲ್ಲಿ ಕೆಲಸ, ತೌರುಮನೆ ಟಿ. ನರಸೀಪುರ. ಎಷ್ಟೋ ದಿನಗಳಿಂದ ಸಣ್ಣಗೆ ಜ್ವರ ಬಂದು ಹೋಗುತ್ತಿತ್ತಂತೆ. ನಾನು ಅವಳ ರಕ್ತ ತೆಗೆದು ಗುಂಪು ನೋಡಿದೆ.

ಗುಂಪು ನೋಡುವ ಕ್ರಮ ಹೀಗೆ. ಒಳಗೆ ಬಲ್ಬು ಉರಿಯುವ ಪೆಟ್ಟಿಗೆಯ ಮೇಲೆ ಬಿಳಿ ಗಾಜು. ಬಲ್ಬಿನ ಶಾಖಕ್ಕೆ ಗಾಜು ಬೆಚ್ಚಗಿರುತ್ತದೆ. ಅದರ ಮೇಲೆ ಎರಡು ಕಡೆ ರಕ್ತದ ತೊಟ್ಟು ಹಾಕಬೇಕು. ಒಂದಕ್ಕೆ ಆಂಟಿ-ಡಿ ಎಂಬ ದ್ರವ, ಇನ್ನೊಂದಕ್ಕೆ ಬರೀ ಆಲ್ಬುಮಿನ್. ಕಡ್ಡಿಯಿಂದ ಹರಡಿ, ಪೆಟ್ಟಿಗೆಯನ್ನು ಅತ್ತಿತ್ತ ಓಲಾಡಿಸಿ ಎರಡು ನಿಮಿಷದೊಳಗೆ ನೋಡಬೇಕು. ಆಂಟಿ-ಡಿ ಹಾಕಿದ ಕಡೆ ರಕ್ತ ಗಂಟುಗಟ್ಟಿದರೆ ಆರ್‌ಎಚ್ ಪಾಸಿಟಿವ್, ನುಣ್ಣಗೆ ಉಳಿದರೆ ನೆಗೆಟಿವ್. ಆಲ್ಬುಮಿನ್ ಹಾಕಿದ ಕಡೆ ಏನೂ ಆಗಬಾರದು. ಅಲ್ಲಿಯೂ ಗಂಟು ಕಂಡರೆ ಆ ಪರೀಕ್ಷೆಯನ್ನೇ ನಂಬಬಾರದು. ಆ ಎರಡನೆಯ ತೊಟ್ಟು ಸಾಕ್ಷಿಯ ಹಾಗೆ. ಹದಿನೈದು ದಿನದಿಂದ ನಾನು ಸಾಕ್ಷಿಯಿಲ್ಲದೆ ತೀರ್ಪು ಬರೆಯುತ್ತಿದ್ದೆ.

ಪಾಸಿಟಿವ್ ರಕ್ತ ಸಾಮಾನ್ಯವಾಗಿ ಒಡೆದ ಮೊಸರಿನ ಹಾಗೆ ದಪ್ಪ ದಪ್ಪ ಗಂಟಾಗುತ್ತದೆ. ಅವಳದು ರವೆಯಂತೆ ಸಣ್ಣ ಸಣ್ಣ ಕಾಳಾಗಿ ಕಂಡಿತು. ಒಂದು ಕ್ಷಣ ಕೈ ತಡೆಯಿತು. ಮೇಲಿನಿಂದ ನರ್ಸು "ರಿಪೋರ್ಟ್ ಆಯ್ತೇನೇ?" ಎಂದು ಕೂಗಿದಳು. ನಮ್ಮ ಕಡೆ ಹೆಚ್ಚಿನವರೆಲ್ಲ ಪಾಸಿಟಿವ್ ಇರುವವರೇ. ನಾನೂ ಪಾಸಿಟಿವ್ ಎಂದು ಬರೆದು ಕಳಿಸಿದೆ. ಸಂಜೆ ಐದೂವರೆಗೆ ಗಂಡು ಮಗು ಹುಟ್ಟಿತು.

ಮಂಗಳವಾರ ಅವಳಿಗೆ ಮತ್ತೆ ಜ್ವರ. ಮಲೇರಿಯಾ ಇದೆಯೇ ನೋಡು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಬುಧವಾರ ಬೆಳಿಗ್ಗೆ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಟ್ಟೆ. ಬಣ್ಣ ಹಾಕುವುದು ಮರುದಿನಕ್ಕೆ ಉಳಿಯಿತು. ಜ್ವರ ಇಳಿದಿತ್ತು, ಅಷ್ಟರಲ್ಲಿ ಅವಳ ತಾಯಿ ಹೊರಡುವ ಅವಸರ ಮಾಡಿದರು. ಗುರುವಾರ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಬಾಣಂತಿ ಮನೆ ಸೇರುವ ಹಾಗಿಲ್ಲ, ಅದಕ್ಕೆ ಮೊದಲೇ ಹೊಸಿಲು ದಾಟಿರಬೇಕು. ಇನ್ನೆರಡು ದಿನ ಇರಲಿ ಎಂದು ಡಾಕ್ಟರಮ್ಮ ಹೇಳಿನೋಡಿ ಸೋತರು. ಬುಧವಾರ ಮಧ್ಯಾಹ್ನ ಬಾಣಂತಿ, ಮಗು, ತಾಯಿ ನರಸೀಪುರಕ್ಕೆ ಹೋದರು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ಆ ಪಟ್ಟಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಮಲೇರಿಯಾ ಇರಲಿಲ್ಲ. ಆದರೆ ಬಿಡಿಬಿಡಿಯಾಗಿ ಹರಡಿರಬೇಕಾದ ಕೆಂಪು ಕಣಗಳು ಬಳೆಗಾರನ ಮಲಾರದಲ್ಲಿ ಪೋಣಿಸಿಟ್ಟ ಬಳೆಗಳ ಹಾಗೆ ಒಂದಕ್ಕೊಂದು ಬೆನ್ನು ಹಚ್ಚಿ ಸಾಲುಗಟ್ಟಿ ನಿಂತಿದ್ದವು. ಪಟ್ಟಿಯನ್ನು ಜರುಗಿಸಿದಲ್ಲೆಲ್ಲ ಅದೇ ಸಾಲು.

ಮೈಸೂರಿನಲ್ಲಿ ತರಬೇತಿಗೆ ಸೇರಿದ ಮೊದಲ ವಾರ ನಮ್ಮ ಮೇಷ್ಟ್ರು ಒಂದು ರಬ್ಬರ್ ಚೆಂಡನ್ನು ಮೇಜಿನ ಮೇಲಿಟ್ಟು, "ಲ್ಯಾಟಿನ್‌ನಲ್ಲಿ ಗ್ಲೋಬಸ್ ಅಂದರೆ ಇದು, ಗುಂಡು. ಭೂಪಟದ ಗ್ಲೋಬ್ ಇದರಿಂದಲೇ ಬಂತು, ಹಿಮೋಗ್ಲೋಬಿನ್ ಇದರಿಂದಲೇ ಬಂತು, ಗ್ಲಾಬ್ಯುಲಿನ್ ಕೂಡ" ಎಂದಿದ್ದರು. ಗ್ಲಾಬ್ಯುಲಿನ್ ಎಂದರೆ ರಕ್ತದ ತಿಳಿಯಲ್ಲಿ ಇರುವ ಒಂದು ಜಾತಿಯ ಪ್ರೋಟೀನು. ಬಹುದಿನ ಜ್ವರದಿಂದ ನರಳಿದವರಲ್ಲಿ ಅದು ಹೆಚ್ಚುತ್ತದೆ. ಹೆಚ್ಚಿದಾಗ ಕೆಂಪು ಕಣಗಳು ಹೀಗೆ ಅಂಟಿಕೊಂಡು ಸಾಲಾಗುತ್ತವೆ. ಬರಿಗಣ್ಣಿಗೆ ಅದು ಗಂಟಿನ ಹಾಗೆಯೇ ಕಾಣುತ್ತದೆ, ಮೋಸಹೋಗಬೇಡಿ ಎಂದೂ ಅವರು ಹೇಳಿದ್ದರು.

ಸೋಮವಾರ ಕಂಡ ರವೆ ನೆನಪಾಯಿತು.

ಅವಳ ರಕ್ತದ ಕೊಳವೆ ಫ್ರಿಜ್ಜಿನಲ್ಲಿತ್ತು. ಪ್ರತಿಯೊಬ್ಬರ ಉಳಿದ ರಕ್ತವನ್ನು ಒಂದು ವಾರ ಇಡುವ ಅಭ್ಯಾಸವನ್ನು ಮಾತ್ರ ನಾನು ಬಿಟ್ಟಿರಲಿಲ್ಲ. ಹೆಪ್ಪಿನಿಂದ ಕಣಗಳನ್ನು ಬಿಡಿಸಿ ಉಪ್ಪುನೀರಿನಲ್ಲಿ ಮೂರು ಸಲ ತೊಳೆದೆ. ನಮ್ಮದು ಕೈಯಿಂದ ತಿರುಗಿಸುವ ಯಂತ್ರ. ಹಿಡಿ ತಿರುಗಿಸುತ್ತಾ ಎಣಿಸುತ್ತಿದ್ದೆ, ಎರಡು ಸಲ ಎಣಿಕೆ ತಪ್ಪಿತು. ತೊಳೆದರೆ ಗ್ಲಾಬ್ಯುಲಿನ್ ಹೋಗುತ್ತದೆ, ಕಣಗಳು ಬಿಡಿಯಾಗುತ್ತವೆ. ಹೋಲಿಸಿ ನೋಡಲು ನನ್ನ ಬೆರಳನ್ನೇ ಚುಚ್ಚಿಕೊಂಡು ನನ್ನ ರಕ್ತವನ್ನೂ ತೊಳೆದು ಪಕ್ಕದಲ್ಲಿಟ್ಟೆ, ನಾನು ಪಾಸಿಟಿವ್. ಆಂಟಿ-ಡಿ ಹಾಕಿದೆ. ನನ್ನದು ಮೊಸರು ಒಡೆದ ಹಾಗೆ ಒಡೆಯಿತು. ಅವಳದು ನುಣ್ಣಗೆ ಉಳಿಯಿತು. ಇನ್ನೊಮ್ಮೆ ಮಾಡಿದೆ. ಹಾಗೆಯೇ.

ಅವಳು ನೆಗೆಟಿವ್.

ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಹೆರಿಗೆಯಲ್ಲಿ ಮಗುವಿನ ರಕ್ತ ಕೊಂಚ ತಾಯಿಯ ಮೈ ಸೇರುತ್ತದೆ. ತಾಯಿಯ ಮೈ ಅದನ್ನು ಹೊರಗಿನದೆಂದು ಗುರುತಿಟ್ಟುಕೊಂಡು ಅದರ ವಿರುದ್ಧ ಸಜ್ಜಾಗುತ್ತದೆ. ಮೊದಲ ಮಗುವಿಗೆ ತೊಂದರೆಯಿಲ್ಲ, ಪೆಟ್ಟು ಬೀಳುವುದು ಮುಂದಿನ ಮಕ್ಕಳಿಗೆ. ಅವುಗಳ ರಕ್ತ ಹೊಟ್ಟೆಯಲ್ಲಿರುವಾಗಲೇ ಒಡೆಯುತ್ತದೆ. ತಡೆಯಲು ಒಂದೇ ದಾರಿ, ಆಂಟಿ-ಡಿ ಗ್ಲಾಬ್ಯುಲಿನ್ ಇಂಜೆಕ್ಷನ್. ತಾಯಿಯ ಮೈಗೆ ಸುಳಿವು ಸಿಗುವ ಮೊದಲೇ ಮಗುವಿನ ಕಣಗಳನ್ನು ಅದು ತೆಗೆದುಹಾಕುತ್ತದೆ. ಮಗುವಿನ ಗುಂಪು ನೋಡಿರಲಿಲ್ಲ, ಪಾಸಿಟಿವ್ ಎಂದೇ ಇಟ್ಟುಕೊಳ್ಳಬೇಕು. ಹೆರಿಗೆಯಾಗಿ ಎಪ್ಪತ್ತೆರಡು ಗಂಟೆಯೊಳಗೆ ಕೊಡಬೇಕು. ಅಂದರೆ ಅದೇ ದಿನ ಸಂಜೆ ಐದೂವರೆಯೊಳಗೆ. ಗೋಡೆ ಗಡಿಯಾರದಲ್ಲಿ ಹತ್ತೂ ಕಾಲು.

ಸುಳ್ಳು ಹೇಳುವುದಿಲ್ಲ, ಸುಮ್ಮನಿದ್ದುಬಿಟ್ಟರೇನು ಎಂದು ಒಂದು ಕ್ಷಣ ಅನ್ನಿಸಿತು. ಆ ಕೊಳವೆ ತೊಳೆದಿಟ್ಟರೆ ಯಾರಿಗೂ ತಿಳಿಯುವಂತಿರಲಿಲ್ಲ. ಮುಂದಿನ ಹೆರಿಗೆ ಬೇರೆಲ್ಲೋ ಆಗಬಹುದು. ಮಗು ಹೋದರೆ ಹಣೆಬರಹ ಎನ್ನುತ್ತಾರೆ. ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.

ಡಾಕ್ಟರಮ್ಮ ಬೈಯಲಿಲ್ಲ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮೊದಲು ರಿಜಿಸ್ಟರ್ ತಿದ್ದು. ಉಜ್ಜಬೇಡ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಬರೆದು, ಸಹಿ ಹಾಕು. ತಪ್ಪೂ ಓದೋಕೆ ಸಿಗಬೇಕು." ಆಮೇಲೆ ಫೋನಿಗೆ ಕೂತರು. ಮೈಸೂರಿಗೆ ಲೈನು ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಔಷಧಿ ಅಂಗಡಿಯಲ್ಲಿ ಒಂದೇ ಒಂದು ಇತ್ತು.

"ನರ್ಸುಗಳನ್ನ ಕಳಿಸೋ ಹಾಗಿಲ್ಲ, ಒಳಗೆ ಎರಡು ನೋವಿನ ಕೇಸಿದೆ. ನೀನೇ ತಗೊಂಡು ಹೋಗು, ನೀನೇ ಕೊಡು. ಇಲ್ಲಿ ದಿನಾ ಕೊಡ್ತೀಯಲ್ಲ."

"ಅವರಿಗೆ ಏನಂತ ಹೇಳಲಿ ಮೇಡಂ?"

"ಅದು ನಿನಗೆ ಬಿಟ್ಟದ್ದು."

ಬೆಳಿಗ್ಗೆ ಕುದಿಸಿದ್ದ ಗಾಜಿನ ಸಿರಿಂಜನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು, ಆಸ್ಪತ್ರೆಯ ಥರ್ಮಾಸ್ ಫ್ಲಾಸ್ಕ್ ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಓಡಿದೆ. ನಮ್ಮ ಮನೆಯವರು ಬೆಳಗಿನ ಟ್ರಿಪ್ ಮುಗಿಸಿ ಟೀ ಕುಡಿಯುತ್ತಾ ನಿಂತಿದ್ದರು. ಎರಡು ಗಂಟೆಗೆ ನಂಜನಗೂಡು ಬಿಟ್ಟು ತಾಂಡವಪುರ, ಹದಿನಾರು ಗ್ರಾಮ, ಸುತ್ತೂರಿನ ಮೇಲೆ ನರಸೀಪುರಕ್ಕೆ ಹೋಗುವುದು ಅವರದೇ ಬಸ್ಸು. ಅದು ತಪ್ಪಿದರೆ ಮುಂದಿನದು ಸಂಜೆಗೆ. ಮೈಸೂರಿನಿಂದ ನರಸೀಪುರಕ್ಕೆ ಹೋಗುವ ನೇರ ರಸ್ತೆಯಲ್ಲಿ ಮೋರಿ ಕುಸಿದು ಆ ವಾರ ಬಸ್ಸುಗಳು ನಿಂತಿದ್ದವು. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದೆ.

"ಮೈಸೂರಿಂದ ವಾಪಸ್ ಬರೋವಾಗ ತಾಂಡವಪುರದಲ್ಲೇ ಇಳ್ಕೋತೀನಿ ರೀ. ನಿಮ್ಮ ಬಸ್ಸು ಅಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತೆ?"

"ಎರಡೂ ಕಾಲು. ಬೇಗ ಬಂದ್ರೆ ಎರಡೂ ಹತ್ತು." ಲೋಟ ಕೆಳಗಿಟ್ಟರು. "ಬಸ್ಸು ಯಾರಿಗೂ ಕಾಯಲ್ಲ, ಗೊತ್ತಲ್ಲ."

ಗೊತ್ತಿತ್ತು. ಮದುವೆಯಾದ ವರ್ಷ, ಬುತ್ತಿ ಹಿಡಿದು ಏದುಸಿರು ಬಿಡುತ್ತಾ ಬರುತ್ತಿದ್ದ ನನ್ನ ತಂದೆಯನ್ನೇ ಬಿಟ್ಟು ವಿಸಿಲ್ ಊದಿದವರು ಅವರು. ನಮ್ಮ ಓಣಿಯವರು ಅವರ ಬಸ್ಸು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಹನ್ನೆರಡಕ್ಕೆ ಮೈಸೂರಿನ ಅಂಗಡಿ ಮುಟ್ಟಿದೆ. ಔಷಧಿ ಫ್ರಿಜ್ಜಿನಲ್ಲಿತ್ತು, ಫ್ರಿಜ್ಜಿಗೆ ಬೀಗವಿತ್ತು, ಬೀಗದ ಕೈ ಊಟಕ್ಕೆ ಹೋದ ಸಾಹುಕಾರರ ಜೇಬಿನಲ್ಲಿತ್ತು. ಕೆಲಸದವನು "ಬತ್ತಾರೆ ಕೂತ್ಕಳಿ" ಎಂದ. ನಾನು ಕೂರಲಿಲ್ಲ. ಒಂದೂ ಕಾಲಿಗೆ ಸಾಹುಕಾರರು ಬಾಯಲ್ಲಿ ಎಲೆಅಡಿಕೆ ಹಾಕಿಕೊಂಡು ಬಂದರು. ಪಕ್ಕದ ಸೋಡಾ ಅಂಗಡಿಯಲ್ಲಿ ಐಸ್ ಒಡೆಸಿ ಫ್ಲಾಸ್ಕಿಗೆ ತುಂಬಿ, ಔಷಧಿಯ ಗಾಜಿನ ಆಂಪೂಲಿಗೆ ಹತ್ತಿ ಸುತ್ತಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಒಳಗಿಟ್ಟೆ. ಹೆಬ್ಬೆರಳಿನ ಗಾತ್ರವೂ ಇರಲಿಲ್ಲ ಅದು. ಒಂದೂ ಮುಕ್ಕಾಲಿಗೆ ಬಸ್ಸು ಸಿಕ್ಕಿತು. ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತು. ಗೂಡ್ಸ್ ಗಾಡಿ ಬಂದು ಗೇಟಿನ ಮೇಲೆಯೇ ನಿಂತು, ಯೋಚಿಸಿ, ಹೋಯಿತು. ಗೇಟು ತೆಗೆದಾಗಲೇ ಎರಡೂ ಇಪ್ಪತ್ತು. ತಾಂಡವಪುರದಲ್ಲಿ ಇಳಿಯುವಾಗ ಎರಡೂ ಐವತ್ತು. ಬಾಡಿಗೆ ಜೀಪು ಸಿಗುತ್ತದೋ, ಸೈಕಲ್ಲಿನವರನ್ನು ಕೇಳುವುದೋ ಎಂದು ತಲೆ ಓಡುತ್ತಿತ್ತು.

ಬಸ್ಸು ನಿಂತಿತ್ತು. ಹೊಂಗೆ ಮರದ ಕೆಳಗೆ ಒಂದು ಮಗ್ಗುಲಿಗೆ ಜಾಕ್ ಕೊಟ್ಟು ಎತ್ತಿದ್ದರು. ಡ್ರೈವರ್ ಹಿಂದಿನ ಚಕ್ರದ ಮುಂದೆ ಸ್ಪ್ಯಾನರ್ ಹಿಡಿದು ಕೂತಿದ್ದ. ಜನ ಸುತ್ತ ನಿಂತು ಉಪಚಾರ ಮಾಡುತ್ತಿದ್ದರು.

"ಏನಣ್ಣ, ಚಕ್ರ ಬಿಚ್ತಿದೀಯೋ, ಮದ್ವೆ ಶಾಸ್ತ್ರ ಮಾಡ್ತಿದೀಯೋ?"

"ಬಾರಪ್ಪ, ನೀನೇ ಬಿಚ್ಚು. ಕುಂತ್ಕಂಡು ಬೀಡಿ ಸೇದ್ದಂಗಲ್ಲ ಇದು."

ವೀಳ್ಯದೆಲೆ ಕುಕ್ಕೆಯ ಅಜ್ಜಿಯೊಬ್ಬಳು ನಮ್ಮ ಮನೆಯವರನ್ನು ಹಿಡಿದುಕೊಂಡಿದ್ದಳು. "ನನ್ ಎಲೆ ಬಾಡೋಯ್ತವೆ ಕಣಪ್ಪ ಕಂಡಕ್ಟ್ರು."

"ನೀರು ಚಿಮುಕ್ಸವ್ವ. ಐದು ನಿಮಿಷ."

"ಅದೇ ಐದು ನಿಮ್ಸನ ಆಗ್ಲಿಂದ ನಾಕ್ ಕಿತ ಏಳ್ದೆ."

ಬಿಳಿ ಷರ್ಟಿನ ಒಬ್ಬರು ಗಡಿಯಾರ ತೋರಿಸಿ, "ನಿಮ್ಮ ಓನರ್‌ಗೆ ಹೇಳ್ತೀನಿ ಕಣ್ರೀ. ನಾನು ಕೋರ್ಟಿಗೆ ಹೋಗ್ಬೇಕಾದೋನು" ಎಂದರು.

"ಹೇಳಿ ಸಾ," ಎಂದರು ನಮ್ಮ ಮನೆಯವರು. ಆಮೇಲೆ ನನ್ನನ್ನು ನೋಡಿದರು. "ಪಂಕ್ಚರ್," ಎಂದರು. ನನ್ನ ಅದೃಷ್ಟಕ್ಕೆ ನಾನೇ ಕೈ ಮುಗಿದೆ. ಡ್ರೈವರ್ ಎರಡು ನಿಮಿಷದಲ್ಲಿ ಬೋಲ್ಟು ಬಿಗಿದು ಜಾಕ್ ಇಳಿಸಿ, "ಆಯ್ತು, ಹತ್ರಪ್ಪೋ" ಎಂದ. ನಮ್ಮ ಮನೆಯವರು ನನಗೂ ಟಿಕೆಟ್ ಹರಿದು ಕೊಟ್ಟು, "ಮುಂದೆ ಬೇಡ, ಎಂಜಿನ್ ಕಾವು. ಮಧ್ಯದಲ್ಲಿ ಕೂತ್ಕೊ" ಎಂದು ನೆರಳಿನ ಕಡೆಯ ಸೀಟು ತೋರಿಸಿದರು. ಅದರ ಮೇಲೆ ಅವರ ಟವೆಲ್ಲು ಹಾಸಿತ್ತು. ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಸುತ್ತೂರಿನವರೆಗೂ ಬಿಳಿ ಷರ್ಟಿನವರು ಗೊಣಗುತ್ತಲೇ ಇದ್ದರು.

ನರಸೀಪುರದಲ್ಲಿ ಇಳಿದಾಗ ನಾಲ್ಕೂ ಕಾಲು. ಹೊಳೆ ಕಡೆಯ ಬೀದಿಯಲ್ಲಿ ಮನೆ ಹುಡುಕಿ ಬಾಗಿಲಿಗೆ ಹೋದಾಗ ನಾಲ್ಕೂವರೆ. ಒಳಗಿನಿಂದ ಕೆಂಡದ ಮೇಲೆ ಹಾಕಿದ ಸಾಂಬ್ರಾಣಿಯ ಹೊಗೆ ಬರುತ್ತಿತ್ತು. ಬಾಣಂತಿಯ ತಾಯಿ ಹೊಸಿಲಿನಲ್ಲೇ ನಿಂತು ನನ್ನನ್ನು ತಡೆದರು.

"ಎಲ್ಲಾ ಆಯ್ತು ಅಂತ ಚೀಟಿ ಬರ್ದ್ ಕಳಿಸವ್ರೆ. ಈಗ ಇನ್ನೊಂದು ಇಂಜೆಕ್ಸನ್ ಎಲ್ಲಿಂದ ಬಂತು?"

"ಒಂದು ಬಾಕಿ ಉಳಿದಿತ್ತಮ್ಮ."

"ಅಂಗಾರೆ ನಾಳೆ ಬಾ. ಅಮಾಸೆ ದಿನ ಬಾಣ್ತಿ ಮೈಗೆ ಸೂಜಿ ಚುಚ್ಚುಸ್ತಾರಾ ಯಾರಾರು? ಪುರುಡಿನ ಮನೆ ಬೇರೆ."

"ನಾಳೆಗೆ ಆಗಲ್ಲಮ್ಮ."

"ಒಂದ್ ದಿನಕ್ಕೆ ಏನು ಮುಳ್ಗೋಯ್ತದೆ?"

ದಾರಿಯುದ್ದಕ್ಕೂ ಒಂದು ಮಾತು ಜೋಡಿಸಿಕೊಂಡು ಬಂದಿದ್ದೆ: ಇದು ಶಕ್ತಿಯ ಇಂಜೆಕ್ಷನ್, ಸರ್ಕಾರದಿಂದ ಬಂದಿದೆ, ಇವತ್ತೇ ಕೊನೆ. ಅದು ನಾಲಿಗೆಯ ತುದಿಯವರೆಗೂ ಬಂತು. ಅವರು ಬಾಗಿಲು ಹಿಡಿದ ಕೈ ನೋಡಿದೆ. ಅದನ್ನು ಹೇಳಿದ್ದರೆ ಅವರು ನಾಳೆ ಬಾ ಎಂದೇ ಅನ್ನುತ್ತಿದ್ದರು. ಶಕ್ತಿಗೆ ಯಾರು ಅಮಾವಾಸ್ಯೆ ಮುರಿಯುತ್ತಾರೆ?

"ನಾನು ತಪ್ಪು ಮಾಡಿದೀನಮ್ಮ," ಎಂದೆ. "ನಿಮ್ಮ ಮಗಳ ರಕ್ತ ನೋಡಿದೋಳು ನಾನೇ. ಬೇರೆ ಗುಂಪು ಬರೆದುಬಿಟ್ಟೆ. ಇವತ್ತು ಬೆಳಿಗ್ಗೆ ಗೊತ್ತಾಯ್ತು. ಐದೂವರೆ ಒಳಗೆ ಈ ಔಷಧಿ ಕೊಡದೇ ಇದ್ರೆ ಈ ಮಗುಗೆ ಏನೂ ಆಗಲ್ಲ. ಮುಂದಿನ ಮಕ್ಕಳಿಗೆ ಕಷ್ಟ."

"ಏನ್ ಕಷ್ಟ?"

"ಹೊಟ್ಟೇಲೇ ಹೋಗಬಹುದು. ಹುಟ್ಟಿದ ದಿನವೇ ಮೈಯೆಲ್ಲ ಹಳದಿಯಾಗಿ ಹೋಗಬಹುದು."

ಬೈಯುತ್ತಾರೆ ಎಂದುಕೊಂಡೆ. ಅವರು ಹೊಸಿಲಿನ ಪಕ್ಕ ಗೋಡೆಗೊರಗಿ ಕುಸಿದು ಕೂತರು.

"ನನ್ ದೊಡ್ಡ ಮಗ ಉಟ್ದ, ಚೆನ್ನಾಗೇ ಇದ್ದ. ಆಮೇಲೆ ಎರಡು. ಉಟ್ಟಿದ್ ದಿನ್ವೇ ಅರಿಸ್ನ ಬಳ್ದಂಗಾಗಿ ಓದ್ವು. ಇವ್ಳೊಬ್ಳು ಅದೆಂಗೋ ಉಳ್ಕಂಡ್ಳು. ಇವ್ಳಾದ್ಮೇಲೆ ಇನ್ನೊಂದು ಅಂಗೇ ಓಯ್ತು. ನಮ್ಮತ್ತೆ ನನ್ ಕಾಲ್ಗುಣ ಅಂದ್ರು."

"ಕಾಲ್ಗುಣ ಅಲ್ಲಮ್ಮ. ನಿಮ್ಮ ರಕ್ತಕ್ಕೂ ಆ ಮಕ್ಕಳ ರಕ್ತಕ್ಕೂ ಆಗಿಬರಲಿಲ್ಲ ಅಂತ ಕಾಣುತ್ತೆ. ಇವಳದು ನಿಮ್ಮ ಥರದ್ದೇ ರಕ್ತ ಇರಬೇಕು. ಅದಕ್ಕೇ ಉಳಿದಳು."

"ಇದ್ನ ಯಾರೂ ಏಳ್ಲಿಲ್ವಲ್ಲವ್ವ ನಂಗೆ," ಎಂದರು. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದರು. "ಕಾಲ್ ತೊಳ್ಕಂಡು ಬಾ ಒಳಕ್ಕೆ."

ಹೊಗೆಯ ಕತ್ತಲೆಕೋಣೆ. ಕಿಟಕಿ ತೆಗೆಸಿದೆ. ಐಸು ಕರಗಿ ನೀರಾಗಿತ್ತು, ನೀರು ಇನ್ನೂ ಕೊರೆಯುತ್ತಿತ್ತು. ಆಂಪೂಲನ್ನು ಅಂಗೈಯಲ್ಲಿ ಹಿಡಿದು ಹದಕ್ಕೆ ತಂದೆ. ಇದ್ದದ್ದು ಒಂದೇ, ಅದರ ಕತ್ತನ್ನು ಜೋಪಾನವಾಗಿ ಮುರಿಯಬೇಕು. ಸುತ್ತಿದ್ದ ಹತ್ತಿಯಲ್ಲೇ ಹಿಡಿದು ಮುರಿದೆ. ಕೊನೆಯ ಹನಿಯವರೆಗೂ ಎಳೆದುಕೊಂಡು ಹುಡುಗಿಯ ತೋಳಿನ ಮೇಲ್ಭಾಗಕ್ಕೆ ಚುಚ್ಚಿದೆ.

"ನೋಯ್ತಾ?" ಎಂದೆ.

"ನಮ್ಮವ್ವನ ಬಾಯಿಗಿಂತ ವಾಸಿ," ಎಂದಳು ಹುಡುಗಿ. ತಾಯಿ "ಮುಚ್ಕಂಡು ಮಲೀಕಳೆ" ಎಂದರು.

ಗಡಿಯಾರ ನೋಡಿದೆ. ಐದು ಗಂಟೆ ಎಂಟು ನಿಮಿಷ. ಮಗುವಿನ ಹಿಮ್ಮಡಿಯಿಂದ ಎರಡು ತೊಟ್ಟು ರಕ್ತ ತೆಗೆದುಕೊಂಡೆ. ಮರುದಿನ ತೊಳೆದು ನೋಡಿದೆ, ಪಾಸಿಟಿವ್.

ಮೂರು ವರ್ಷದ ಮೇಲೆ ಆ ಹುಡುಗಿ ಮತ್ತೆ ಬಸುರಾಗಿ ನಮ್ಮಲ್ಲಿಗೇ ಬಂದಳು. ಅವಳ ರಕ್ತವನ್ನು ಮೈಸೂರಿಗೆ ಕಳಿಸಿದೆವು. ಗ್ಲಾಬ್ಯುಲಿನ್ ಮೇಲೆ ಗ್ಲಾಬ್ಯುಲಿನ್ ಹಾಕಿ ನೋಡುವ ಒಂದು ಪರೀಕ್ಷೆ ಇದೆ, ತಾಯಿಯ ಮೈ ಮಗುವಿನ ವಿರುದ್ಧ ಸಜ್ಜಾಗಿದೆಯೇ ಎಂದು ಅದು ತಿಳಿಸುತ್ತದೆ. ಇಲ್ಲ ಎಂದು ಉತ್ತರ ಬಂತು. ಹೆಣ್ಣು ಮಗು ಹುಟ್ಟಿತು. ಅಜ್ಜಿ ಮೂರು ದಿನವೂ ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ಬಣ್ಣ ನೋಡಿದರು. ಮಗು ಕೆಂಪಗೇ ಇತ್ತು.

ಆ ಹೊತ್ತಿಗೆ ನಮ್ಮ ಮನೆಯವರು ಆ ರೂಟಿನಲ್ಲಿ ಇರಲಿಲ್ಲ. ತಾಂಡವಪುರದ ಆ ಗುರುವಾರ ಕಳೆದು ಒಂದು ವಾರಕ್ಕೆ ಓನರ್ ಅವರನ್ನು ಮುಂಜಾನೆ ನಾಲ್ಕರ ಬಸ್ಸಿಗೆ ಹಾಕಿದರು. ಎರಡು ವರ್ಷ ಅದರಲ್ಲೇ ದುಡಿದರು. ಕೇಳಿದರೆ "ಓನರ್ ಹತ್ತಿರ ಏನೋ ಮಾತಾಯ್ತು" ಎನ್ನುತ್ತಿದ್ದರು, ಅಷ್ಟೇ. ನಿಮ್ಮ ಮೂಗಿನ ತುದಿಯ ಕೋಪ, ಒಂದು ಮಾತು ತಗ್ಗಿ ನಡೆಯೋಕೆ ಬರಲ್ಲ ಎಂದು ನಾನು ಬೈಯುತ್ತಿದ್ದೆ. ನಂಟರ ಮುಂದೆಯೂ ಬೈದಿದ್ದೇನೆ. ಅವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಿದ್ದರು.

ಅವರ ಹನ್ನೊಂದನೆಯ ದಿನದ ಕಾರ್ಯಕ್ಕೆ ಆ ಡ್ರೈವರ್ ಬಂದಿದ್ದ. ಈಗ ಕೋಲೂರಿ ನಡೆಯುತ್ತಾನೆ. ಊಟವಾದ ಮೇಲೆ ಜಗಲಿಯಲ್ಲಿ ಕೂತು ಹಳೆಯ ಮಾತೆಲ್ಲ ಆಡಿದೆವು. ಆ ದಿನ ಪಂಕ್ಚರ್ ಆಗದಿದ್ದರೆ ನಾನು ಏನಾಗುತ್ತಿದ್ದೆನೋ ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಏನಕ್ಕ, ಅವ್ರು ನಿಂಗೆ ಏಳೇ ಇಲ್ವಾ?"

"ಏನನ್ನ?"

"ಟೈರ್‌ಗೆ ಏನಾಗಿತ್ತು, ಕಲ್ಲಿದ್ದಂಗಿತ್ತು ಕಣಕ್ಕ. ಇಳ್ದು ಬಂದು, 'ಲೇ, ಜಾಕ್ ಕೊಡ್ಲಾ, ಅವಳು ಬರೋಗಂಟ ಬಿಚ್ಚೋದು ಕಟ್ಟೋದು ಮಾಡ್ತಿರು' ಅಂದ್ರು. ಮೂವತ್ತೈದು ನಿಮ್ಸ. ಅದೇ ನಾಕ್ ಬೋಲ್ಟ. ಅಂಗೈ ಬೊಬ್ಬೆ ಬಂತು. ಆ ಬಿಳಿ ಸರ್ಟಿನವನು ಓಗಿ ಓನರ್‌ಗೆ ಏಳ್ದ. ಓನರ್ ಸ್ಟೆಪ್ನಿ ನೋಡುದ್ರು, ಅದು ಇದ್ದಂಗೇ ಇತ್ತು. ಕೇಳುದ್ರೆ ಇವ್ರು ಬಾಯೇ ಬಿಡ್ಲಿಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ನಾನೂ ಕೇಳ್ದೆ. 'ಒಂದ್ ತಪ್ಪ ಒತ್ಕಂಡವಳೆ, ಅದ್ರ ಮೇಲೆ ಇದೊಂದು ಬ್ಯಾಡ ಬುಡು' ಅಂದ್ರು."

ಅವನು ಹೋದ ಮೇಲೆ ನಾನು ಒಳಗೆ ಬಂದು ಪಾತ್ರೆ ತೊಳೆದೆ. ಮುಂಜಾನೆ ಮೂರೂವರೆಗೆ ಎದ್ದು ಅವರಿಗೆ ಕಾಫಿ ಮಾಡಿಕೊಡುತ್ತಾ ನಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

ಲ್ಯಾಬಿನ ರಿಜಿಸ್ಟರಿನಲ್ಲಿ ನಾನು ತಪ್ಪಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿ ಬರೆದು, ಸಹಿ ಹಾಕಿದ್ದೆ. ಈ ತಪ್ಪನ್ನು ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಓನರ್ ಜೊತೆ ಜಗಳವಾಡಿರಲಿಲ್ಲ. ಆ ಗುರುವಾರ ತಾಂಡವಪುರದಲ್ಲಿ ಟೈರು ಪಂಕ್ಚರ್ ಆಗಿರಲಿಲ್ಲ.